ಗುಂಡಿ ಒತ್ತಿದರೂ ಏಳದ ಕಂಪ್ಯೂಟರು

ಬೆಳಗ್ಗಿನ ತಿಂಡಿ ಕೆಲಸ ಮುಗಿಸಿ, ಮಕ್ಕಳನ್ನು ಶಾಲೆಯ ಬಸ್ಸಿಗೆ ಹತ್ತಿಸಿ, 'ಇನ್ನು ಎರಡು ಗಂಟೆ ನನ್ನದು' ಎಂದು ಕಂಪ್ಯೂಟರಿನ ಮುಂದೆ ಕೂರುತ್ತೀರಿ. ಗುಂಡಿ ಒತ್ತುತ್ತೀರಿ. ಒಳಗೆ ಫ್ಯಾನ್ ಒಂದು ಸುತ್ತು ತಿರುಗಿ ನಿಂತುಬಿಡುತ್ತದೆ. ಮತ್ತೊಮ್ಮೆ ಒತ್ತುತ್ತೀರಿ. ಮೂರನೇ ಸಲಕ್ಕೋ ನಾಲ್ಕನೇ ಸಲಕ್ಕೋ ಅದು ಏಳುತ್ತದೆ. 'ಸದ್ಯ, ಬಂತಲ್ಲ' ಎಂದು ಕೆಲಸ ಶುರು ಮಾಡುತ್ತೀರಿ.

ನಿಮ್ಮ ಮನೆಯಲ್ಲೂ ಹೀಗೇ ಉಂಟಾ? ಹಾಗಿದ್ದರೆ ಈ ಮಾತು ನಿಮಗೇ.

ನಮ್ಮ ಮನೆ ಸುಳ್ಯ ಪೇಟೆಯಿಂದ ಸಾಕಷ್ಟು ಒಳಗೆ, ಅಡಿಕೆ ತೋಟದ ನಡುವೆ. ಮದುವೆಯ ಕಾಗದ, ಸ್ವಸಹಾಯ ಸಂಘದ ಲೆಕ್ಕಪತ್ರ, ಭಜನಾ ಮಂದಿರದ ವರದಿ ಇಂಥವನ್ನು ಟೈಪ್ ಮಾಡಿಕೊಡುವುದು ನನ್ನ ಸಣ್ಣ ಸಂಪಾದನೆ. ಕೆಲವು ವರ್ಷಗಳ ಹಿಂದೆ ನನ್ನ ಕಂಪ್ಯೂಟರೂ ಎರಡು ತಿಂಗಳು ಹೀಗೇ ಮಾಡಿತು. 'ಅದು ಹಳೇ ಜೀಪಿನ ಹಾಗೆ ಮಾರಾಯ್ತಿ, ಬೆಳಿಗ್ಗೆ ಸ್ವಲ್ಪ ತಳ್ಳಬೇಕು' ಎಂದು ಮನೆಯವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಒಂದು ಸಂಜೆ 'ಟಪ್' ಎಂಬ ಸದ್ದು, ಸುಟ್ಟ ವಾಸನೆ. ಹೋದದ್ದು ಒಂದು ಡಬ್ಬಿ ಮಾತ್ರ ಅಂದುಕೊಂಡರೆ, ಅದು ಹೋಗುವಾಗ ಹಾರ್ಡ್ ಡಿಸ್ಕನ್ನೂ ಕರೆದುಕೊಂಡು ಹೋಗಿತ್ತು! ಗಿರಾಕಿಗಳ ಕೆಲಸವನ್ನಾದರೂ ಮತ್ತೆ ಟೈಪ್ ಮಾಡಿದೆ. ಆದರೆ ತೀರಿಕೊಂಡ ಅತ್ತೆಯ ಕೊನೆಯ ಎರಡು ವರ್ಷದ ಫೋಟೋಗಳೆಲ್ಲ ಅದರಲ್ಲೇ ಇದ್ದವು. ಅವನ್ನು ಎಲ್ಲಿಂದ ತರುವುದು?

ಇದಕ್ಕೆ ಸರಿಯಾಗಿ ಉಲ್ಟಾ ನನ್ನ ನಾದಿನಿಯ ಕಥೆ. ಅವಳ ಮನೆ ಕಡಬದ ಹತ್ತಿರ. ಕಂಪ್ಯೂಟರ್ ಮುಟ್ಟಿದರೆ ಜುಮ್ ಎನ್ನುತ್ತದೆ ಎಂದು ಒಂದು ಸಲ, ತನ್ನಿಂದ ತಾನೇ ಆಫ್ ಆಗುತ್ತದೆ ಎಂದು ಇನ್ನೊಂದು ಸಲ, ಒಂದೇ ವರ್ಷದಲ್ಲಿ ಎರಡು ಹೊಸ ಡಬ್ಬಿ ಹಾಕಿಸಿದಳು. ತೊಂದರೆ ಹೋಗಲಿಲ್ಲ. ಹೋಗುವುದಾದರೂ ಹೇಗೆ? ಅವಳ ಮನೆಯ ಅರ್ಥಿಂಗ್ ತಂತಿ ತುಕ್ಕು ಹಿಡಿದು ತುಂಡಾಗಿತ್ತು, ಪ್ರೊಸೆಸರಿನ ಮೇಲಿನ ಫ್ಯಾನಿನಲ್ಲಿ ಧೂಳಿನ ಗೂಡೇ ಇತ್ತು!

ನಾನು ತಡ ಮಾಡಿ ಕಳೆದುಕೊಂಡೆ, ಅವಳು ಸುಮ್ಮನೆ ಅವಸರ ಮಾಡಿ ಕಳೆದುಕೊಂಡಳು. ಹಾಗಾದರೆ ಸರಿಯಾದ ಸಮಯ ಯಾವುದು?

ಏನಿದು ಡಬ್ಬಿ?

ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ, ಗೋಡೆಯಿಂದ ಬರುವ ದಪ್ಪ ವಯರು ಸಿಕ್ಕಿಸುವ ಜಾಗ ಇದೆಯಲ್ಲ, ಅದರ ಒಳಗಿರುವ ತಗಡಿನ ಪೆಟ್ಟಿಗೆಯೇ ಪವರ್ ಸಪ್ಲೈ. ಅಂಗಡಿಯವರ ಬಾಯಲ್ಲಿ 'ಎಸ್‌ಎಂಪಿಎಸ್'. ಗೋಡೆಯಿಂದ ಬರುವ 230 ವೋಲ್ಟ್ ಕರೆಂಟನ್ನು ಇಳಿಸಿ, 12, 5 ಮತ್ತು 3.3 ವೋಲ್ಟಿನ ಡಿಸಿ ಮಾಡಿ ಒಳಗಿನ ಭಾಗಗಳಿಗೆ ಹಂಚುವುದು ಇದರ ಕೆಲಸ. ಒಂದು ರೀತಿಯಲ್ಲಿ ಮನೆಯ ಅಡುಗೆಯವಳ ಹಾಗೆ! ಯಾರಿಗೆ ಎಷ್ಟು ಬಡಿಸಬೇಕೋ ಅಷ್ಟೇ ಬಡಿಸಬೇಕು. ಕಡಿಮೆಯಾದರೆ ಕೆಲಸ ನಿಲ್ಲುತ್ತದೆ, ಹೆಚ್ಚಾದರೆ ತಿಂದವರೇ ಮಲಗಿಬಿಡುತ್ತಾರೆ.

ಇದರೊಳಗೆ ಕೆಪಾಸಿಟರ್ ಎಂಬ ಪುಟ್ಟ ಪುಟ್ಟ ಡಬ್ಬಿಗಳಿರುತ್ತವೆ. ಅವುಗಳೊಳಗಿನ ದ್ರವ ಬಿಸಿಗೆ ನಿಧಾನವಾಗಿ ಆರುತ್ತಾ ಹೋಗುತ್ತದೆ. ಶಾಖ 10 ಡಿಗ್ರಿ ಏರಿದರೆ ಅವುಗಳ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ತಂತ್ರಜ್ಞರ ಲೆಕ್ಕ. ಬೆಳಿಗ್ಗೆ ತಣ್ಣಗಿದ್ದಾಗ ಏಳದೆ, ನಾಲ್ಕು ಸಲ ಒತ್ತಿದ ಮೇಲೆ ಏಳುವುದಕ್ಕೆ ಹೆಚ್ಚಾಗಿ ಇಂಥ ಮುದಿಯಾದ ಕೆಪಾಸಿಟರೇ ಕಾರಣ. ಅಂದರೆ ಅದು ತಮಾಷೆಯಲ್ಲ, ಮುನ್ಸೂಚನೆ.

ನಮ್ಮೂರಿನಲ್ಲಿ ಇದಕ್ಕೆ ಕಷ್ಟ ಜಾಸ್ತಿ

ಪುತ್ತೂರು, ಸುಳ್ಯ, ಕಡಬದ ಹಳ್ಳಿಗಳಲ್ಲಿ ಕರೆಂಟಿನ ಲೈನು ತೋಟ, ಗುಡ್ಡ, ಕಾಡು ದಾಟಿ ಬರಬೇಕು. ಬೇಸಿಗೆಯಲ್ಲಿ ಎಲ್ಲರೂ ಅಡಿಕೆ ತೋಟಕ್ಕೆ ಪಂಪು ಹಾಕಿದರೆ ವೋಲ್ಟೇಜು ಕೆಳಗಿಳಿಯುತ್ತದೆ. ವೋಲ್ಟೇಜು ಇಳಿದಾಗ ಅಷ್ಟೇ ಕೆಲಸಕ್ಕೆ ಎಸ್‌ಎಂಪಿಎಸ್ ಹೆಚ್ಚು ಕರೆಂಟು ಎಳೆಯುತ್ತದೆ, ಹೆಚ್ಚು ಬಿಸಿಯಾಗುತ್ತದೆ. ಏಪ್ರಿಲಿನಲ್ಲಿ, ಪುತ್ತೂರು ಮಹಾಲಿಂಗೇಶ್ವರನ ಜಾತ್ರೆಯ ಹೊತ್ತಿಗೆ, ಸಂಜೆಯ ಗುಡುಗು ಸಿಡಿಲು ಸುರು. ಆಟಿಯಲ್ಲಿ ಗೋಡೆ ಕೂಡ ಬೆವರುವಷ್ಟು ತೇವ. ದೀಪಾವಳಿ ಹೊತ್ತಿಗೆ ಹಿಂಗಾರಿನ ಸಿಡಿಲು ಮತ್ತೊಮ್ಮೆ. ಇದರ ಮೇಲೆ ಇರುವೆ, ಹಲ್ಲಿಗಳಿಗೆ ಕ್ಯಾಬಿನೆಟ್ಟಿನ ಒಳಗಿನ ಬೆಚ್ಚನೆಯ ಜಾಗ ಎಂದರೆ ತವರು ಮನೆ!

ಆದ್ದರಿಂದ ಬೆಂಗಳೂರಿನಲ್ಲಿ ಏಳೆಂಟು ವರ್ಷ ಬಾಳಿದ ಡಬ್ಬಿ ಇಲ್ಲೂ ಅಷ್ಟೇ ಬಾಳುತ್ತದೆ ಎಂದು ನಂಬಿ ಕೂರಬೇಡಿ.

ಮೊದಲು ಇದು ಅದಲ್ಲ ಎಂದು ಖಚಿತ ಮಾಡಿಕೊಳ್ಳಿ

ಅಂಗಡಿಗೆ ಫೋನ್ ಮಾಡುವ ಮೊದಲು ಹತ್ತು ನಿಮಿಷ ಕೊಡಿ. ಇವುಗಳಲ್ಲಿ ಯಾವುದಕ್ಕೂ ಸ್ಕ್ರೂ ಡ್ರೈವರ್ ಬೇಕಿಲ್ಲ.

* ಸ್ವಲ್ಪವೂ ಜೀವವೇ ಇಲ್ಲವಾ? ಅದೇ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಿ ಕರೆಂಟು ಬರುತ್ತಿದೆಯೇ ನೋಡಿ. ಸ್ಪೈಕ್ ಬಸ್ಟರಿನ ಸ್ವಿಚ್ಚು, ಕ್ಯಾಬಿನೆಟ್ಟಿನ ಹಿಂಬದಿಯ ಸಣ್ಣ ಸ್ವಿಚ್ಚು ಆಫ್ ಆಗಿದೆಯೇ ನೋಡಿ. ಗುಡಿಸುವಾಗ ವಯರು ಸಡಿಲವಾಗಿರುವುದೂ ಉಂಟು. ಹಳೆಯ ಡಬ್ಬಿಗಳಲ್ಲಿ 115/230 ಎಂದು ಬರೆದ ಕೆಂಪು ಸ್ವಿಚ್ಚು ಇರುತ್ತದೆ, ಅದನ್ನು ಮಾತ್ರ ಮುಟ್ಟಲೇಬೇಡಿ. 115ಕ್ಕೆ ಸರಿಸಿ ಆನ್ ಮಾಡಿದರೆ ಡಬ್ಬಿಯ ಕಥೆ ಅಲ್ಲಿಗೇ ಮುಗಿಯಿತು!

* ಕರೆಂಟು ಹೋದ ಕೂಡಲೇ ಕಂಪ್ಯೂಟರೂ ಆಫ್ ಆಗುತ್ತದಾ? ಅದು ಯುಪಿಎಸ್ ಬ್ಯಾಟರಿಯ ತೊಂದರೆ. ಮನೆಗಳ ಸಣ್ಣ ಯುಪಿಎಸ್ ಬ್ಯಾಟರಿ ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೆ ಸೋಲುತ್ತದೆ.

* ಮನೆಯ ಇನ್ವರ್ಟರಿನಲ್ಲಿ ಮಾತ್ರ ರೀಸ್ಟಾರ್ಟ್ ಆಗುತ್ತದಾ? ಹಳೆಯ 'ಸ್ಕ್ವೇರ್ ವೇವ್' ಇನ್ವರ್ಟರಿನ ಜೊತೆ ಹೊಸ ಕಾಲದ ಕೆಲವು ಎಸ್‌ಎಂಪಿಎಸ್‌ಗಳು ಹೊಂದಿಕೊಳ್ಳುವುದಿಲ್ಲ. ಲೈನ್ ಕರೆಂಟಿನಲ್ಲಿ ಸರಿ ಇದ್ದರೆ ಡಬ್ಬಿಯನ್ನು ಬಯ್ಯಬೇಡಿ.

* ಹತ್ತು ಹದಿನೈದು ನಿಮಿಷ ಸರಿಯಾಗಿ ನಡೆದು, ಬಿಸಿಯಾಗಿ ಆಫ್ ಆಗುತ್ತದಾ? ಪ್ರೊಸೆಸರ್ ಫ್ಯಾನಿನ ಧೂಳನ್ನೇ ಮೊದಲು ಅನುಮಾನಿಸಿ.

* ಫ್ಯಾನೆಲ್ಲ ತಿರುಗುತ್ತದೆ, 'ಬೀಪ್ ಬೀಪ್' ಎನ್ನುತ್ತದೆ, ಪರದೆ ಮಾತ್ರ ಕಪ್ಪು ಎಂದಾದರೆ ಹೆಚ್ಚಾಗಿ ರ್ಯಾಮ್ ಸಡಿಲವಾಗಿರುತ್ತದೆ. ಅದನ್ನು ತೆಗೆದು ಒರೆಸಿ ಹಾಕಿದರೆ ಸಾಕಾಗುವುದೂ ಉಂಟು.

* ದಿನಾಂಕ, ಗಂಟೆ ಪ್ರತಿ ಸಲ ತಪ್ಪಾಗುತ್ತದಾ? ಒಳಗಿನ ನಾಣ್ಯದಂಥ ಬ್ಯಾಟರಿ ಮುಗಿದಿದೆ. ಅದರ ಹೆಸರು 'ಸಿಆರ್ 2032'. ಕಡಿಮೆ ಬೆಲೆಯದ್ದು.

ಜುಮ್ ಎಂದರೆ?

ಕ್ಯಾಬಿನೆಟ್ಟಿನ ತಗಡು ಮುಟ್ಟಿದಾಗ ಸಣ್ಣಗೆ ಜುಮ್ ಎನ್ನುತ್ತದೆ ಎಂಬ ದೂರು ನಮ್ಮ ಕಡೆ ಸಾಮಾನ್ಯ. ಅಡುಗೆಮನೆಯಿಂದ ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ಬಂದು ಮುಟ್ಟಿದರೆ ಇನ್ನೂ ಜಾಸ್ತಿ. ಹೆಚ್ಚಿನ ಸಲ ಇದು ಎಸ್‌ಎಂಪಿಎಸ್ ಹಾಳಾದ ಲಕ್ಷಣವಲ್ಲ. ಕರೆಂಟಿನ ಕಲ್ಮಶ ಸೋಸಲು ಪ್ರತಿ ಡಬ್ಬಿಯಲ್ಲೂ ಒಂದು ಏರ್ಪಾಡಿದೆ. ಅದು ಸೋಸಿದ್ದನ್ನು ಅರ್ಥಿಂಗ್ ತಂತಿಯ ಮೂಲಕ ನೆಲಕ್ಕೆ ಬಿಡುತ್ತದೆ. ಆ ತಂತಿಯೇ ಇಲ್ಲದಿದ್ದರೆ ಅದು ತಗಡಿಗೆ ಬರುತ್ತದೆ, ನಿಮ್ಮ ಬೆರಳಿಗೂ ಬರುತ್ತದೆ.

ಇಲ್ಲಿ ಹೊಸ ಡಬ್ಬಿ ಹಾಕಿದರೂ ಪ್ರಯೋಜನವಿಲ್ಲ. ಕರೆಯಬೇಕಾದ್ದು ಕಂಪ್ಯೂಟರಿನವರನ್ನಲ್ಲ, ವಯರಿಂಗಿನವರನ್ನು. ನಮ್ಮ ಮುರಕಲ್ಲಿನ ನೆಲ ಬೇಸಿಗೆಗೆ ಒಣಗಿ ಬಿರಿಯುತ್ತದೆ, ಆಗ ಅರ್ಥಿಂಗ್ ಗುಂಡಿಯೂ ಒಣಗುತ್ತದೆ. ಜನವರಿಯಿಂದ ಮೇ ತನಕ ವಾರಕ್ಕೆ ಒಂದೆರಡು ಸಲ ಆ ಗುಂಡಿಗೆ ಒಂದು ಕೊಡಪಾನ ನೀರು ಹೊಯ್ಯಿರಿ. ತಂತಿ, ಕ್ಲಾಂಪು ತುಕ್ಕು ಹಿಡಿದಿದೆಯೇ ಎಂದು ವರ್ಷಕ್ಕೊಮ್ಮೆ ನೋಡಿಸಿ. ಜುಮ್ ಎನ್ನುವುದನ್ನು ಮಾತ್ರ ಅಸಡ್ಡೆ ಮಾಡಬೇಡಿ. ಕಂಪ್ಯೂಟರಿಗಿಂತ ನಿಮ್ಮ, ಮಕ್ಕಳ ಜೀವ ದೊಡ್ಡದು. ಅರ್ಥಿಂಗ್ ಇಲ್ಲದ ಮನೆಯಲ್ಲಿ ವಾಷಿಂಗ್ ಮೆಷಿನ್ನು, ಗ್ರೈಂಡರೂ ಅಷ್ಟೇ ಅಪಾಯ.

ಹಾಗಾದರೆ ಬದಲಿಸಬೇಕಾದ್ದು ಯಾವಾಗ?

ಮೂರು ಹಂತ ಮಾಡಿಕೊಳ್ಳೋಣ.

ಒಂದು, ಈಗಿಂದೀಗಲೇ. ಸುಟ್ಟ ವಾಸನೆ, ಟಪ್ ಎಂಬ ಸದ್ದು, ಕಿಡಿ, ಆನ್ ಮಾಡಿದ ಕೂಡಲೇ ಮನೆಯ ಎಂಸಿಬಿ ಬೀಳುವುದು, ಇವುಗಳಲ್ಲಿ ಒಂದಾದರೂ ಕಂಡರೆ ಗೋಡೆಯ ಸ್ವಿಚ್ ಆಫ್ ಮಾಡಿ, ವಯರು ಕಿತ್ತುಬಿಡಿ. 'ಇನ್ನೊಂದು ಸಲ ನೋಡುವಾ' ಎಂದು ಮತ್ತೆ ಒತ್ತಬೇಡಿ. ಎಷ್ಟೋ ಹಾರ್ಡ್ ಡಿಸ್ಕುಗಳು ಹೋಗುವುದು ಆ ಇನ್ನೊಂದು ಸಲದಲ್ಲೇ.

ಎರಡು, ಈ ವಾರದೊಳಗೆ. ಬೆಳಿಗ್ಗೆ ನಾಲ್ಕೈದು ಸಲ ಒತ್ತಬೇಕಾಗುವುದು. ಪೆನ್ ಡ್ರೈವ್, ವಿಡಿಯೋ ಕಾಲ್ ಎಂದು ಕೆಲಸ ಹೆಚ್ಚಾದಾಗ ತನ್ನಿಂದ ತಾನೇ ರೀಸ್ಟಾರ್ಟ್ ಆಗುವುದು. ಹಾರ್ಡ್ ಡಿಸ್ಕ್ 'ಟಿಕ್ ಟಿಕ್' ಎಂದು ನಡುವೆ ಮಾಯವಾಗುವುದು. ಡಬ್ಬಿಯ ಫ್ಯಾನ್ ತಿರುಗದೆ ಹಿಂಬದಿ ಕೈಯಿಡಲಾಗದಷ್ಟು ಬಿಸಿಯಾಗುವುದು. ಇವುಗಳಲ್ಲಿ ಕೆಲವಕ್ಕೆ ಬೇರೆ ಕಾರಣವೂ ಇರಬಹುದು. ಆದ್ದರಿಂದ ಪರೀಕ್ಷೆ ಮಾಡಿಸಿಯೇ ಬದಲಿಸಿ. ಆದರೆ ಅದಕ್ಕಿಂತ ಮೊದಲು, ಕಂಪ್ಯೂಟರ್ ಇನ್ನೂ ಏಳುತ್ತಿರುವಾಗಲೇ, ಫೋಟೋ ಮತ್ತು ಕಡತಗಳನ್ನು ಬೇರೆ ಹಾರ್ಡ್ ಡಿಸ್ಕಿಗೋ ಪೆನ್ ಡ್ರೈವಿಗೋ ನಕಲು ಮಾಡಿ. ನಾನು ಮಾಡದೆ ಬಿಟ್ಟ ಕೆಲಸ ಇದೇ.

ಮೂರು, ಮುಂದಿನ ಮಳೆಗಾಲದ ಮೊದಲು. ತೊಂದರೆ ಏನೂ ಇಲ್ಲ, ಆದರೆ ಡಬ್ಬಿಗೆ ಐದಾರು ವರ್ಷ ದಾಟಿದೆ. ಅಥವಾ ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆಯಾಗಿ ಬಂದ ಹೆಸರಿಲ್ಲದ ಹಗುರ ಡಬ್ಬಿ. ಅಥವಾ ಹತ್ತಿರದಲ್ಲಿ ಸಿಡಿಲು ಬಡಿದು ಮನೆಯ ಟಿವಿಯೋ ಮೋಡೆಮ್ಮೋ ಹೋಗಿ, ಕಂಪ್ಯೂಟರ್ ಮಾತ್ರ ಬದುಕಿಕೊಂಡಿದೆ. ಕಂಪ್ಯೂಟರಿನಿಂದಲೇ ನಿಮ್ಮ ಸಂಪಾದನೆ ಎಂದಾದರೆ ಇಂಥ ಡಬ್ಬಿಯನ್ನು ಪತ್ತನಾಜೆಯ ಒಳಗೆ ಒಮ್ಮೆ ತೋರಿಸಿ, ಬದಲಿಸುವ ಯೋಚನೆ ಮಾಡಿ. ಬರೀ ಹಾಡು ಕೇಳಲು, ಆಟಕ್ಕೆ ಎಂದಾದರೆ ನಕಲು ಇಟ್ಟುಕೊಂಡು ಕಾಯಬಹುದು.

ಅಂಗಡಿಯಲ್ಲಿ ಹೀಗೆ ಕೇಳಿ

ಕ್ಯಾಬಿನೆಟ್ಟನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಪುತ್ತೂರಿಗೋ ಸುಳ್ಯಕ್ಕೋ ಹೋಗುವ ಕಷ್ಟ ನನಗೆ ಗೊತ್ತು. ಹೋದ ಮೇಲೆ 'ಅಕ್ಕ, ಇದು ಬೋರ್ಡೇ ಹೋಗಿದೆ, ಹೊಸತು ತೆಗೊಳ್ಳುವುದೇ ಒಳ್ಳೆಯದು' ಎಂದರೆ ಎದೆ ಧಸಕ್ಕೆನ್ನುತ್ತದೆ. ಹೆದರಬೇಡಿ. ಮೆಲ್ಲಗೆ ಕೇಳಿ: 'ತಮ್ಮಾ, ಸರಿ ಇರುವ ಬೇರೆ ಎಸ್‌ಎಂಪಿಎಸ್ ಹಾಕಿ ಅರ್ಧ ಗಂಟೆ ಓಡಿಸಿ ತೋರಿಸ್ತೀಯಾ?' ಇದಕ್ಕಿಂತ ನಂಬಿಕೆಯ ಪರೀಕ್ಷೆ ಇಲ್ಲ. ಬೇರೆ ಡಬ್ಬಿಯಲ್ಲಿ ಸರಿಯಾಗಿ ನಡೆದರೆ ತಪ್ಪು ನಿಮ್ಮ ಡಬ್ಬಿಯದ್ದು. ನಡೆಯದಿದ್ದರೆ ತಪ್ಪು ಬೇರೆಲ್ಲೋ.

ಮೀಟರ್ ಇಟ್ಟು ನೋಡುವುದಾದರೆ ಲೆಕ್ಕ ಸುಲಭ. ಶೇ. 5ರಷ್ಟು ಏರಿಳಿತ ಮಾತ್ರ ಒಪ್ಪಿಗೆ. 12 ವೋಲ್ಟಿನ ಜಾಗದಲ್ಲಿ 11.4ರಿಂದ 12.6, 5 ವೋಲ್ಟಿನ ಜಾಗದಲ್ಲಿ 4.75ರಿಂದ 5.25ರ ಒಳಗೆ ಇರಬೇಕು. ಅದೂ ಕಂಪ್ಯೂಟರ್ ಕೆಲಸ ಮಾಡುತ್ತಿರುವಾಗ ನೋಡಬೇಕು. ಖಾಲಿ ಓಡುವಾಗ ಎಲ್ಲ ಡಬ್ಬಿಯೂ ಸಾಧುವೇ!

ಇನ್ನೊಂದು ಮಾತು ಮರೆಯಬೇಡಿ: 'ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬೇಡಿ.' ಎಸ್‌ಎಂಪಿಎಸ್ ಬದಲಿಸಲು ಫಾರ್ಮ್ಯಾಟ್ ಮಾಡುವ ಅಗತ್ಯವೇ ಇಲ್ಲ.

ಹಳೆಯ ಡಬ್ಬಿಯನ್ನೇ ರಿಪೇರಿ ಮಾಡಬಹುದಲ್ಲ ಎನ್ನುತ್ತೀರಾ? ಬರೀ ಫ್ಯಾನ್ ಹೋಗಿದ್ದರೆ, ಡಬ್ಬಿ ಹೊಸದಾಗಿದ್ದರೆ ಸರಿ. ಸಿಡಿಲಿಗೋ ವಯಸ್ಸಿಗೋ ಹೋದದ್ದಾದರೆ ರಿಪೇರಿಯ ದುಡ್ಡು ನೀರಿಗೆ ಹಾಕಿದ ಹಾಗೆ. ಮನೆಯಲ್ಲಿ ಮಾತ್ರ ಆ ಡಬ್ಬಿಯನ್ನು ಬಿಚ್ಚಲೇಬೇಡಿ. ವಯರು ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು. ಯೂಟ್ಯೂಬ್ ನೋಡಿ ಬಿಚ್ಚಲು ಹೊರಡುವ ಮಗನಿಗೂ ಇದನ್ನು ಹೇಳಿ.

ಹೊಸದು ಕೊಳ್ಳುವಾಗ

ಸೀರೆ ಕೊಳ್ಳುವಾಗ ಸೆರಗು ತಿರುಗಿಸಿ ನೋಡುವುದಿಲ್ಲವೇ? ಹಾಗೆಯೇ ಡಬ್ಬಿಯ ಮೇಲಿನ ಚೀಟಿ ಓದಿ.

* ದೊಡ್ಡ ಅಕ್ಷರದ ವ್ಯಾಟ್ ನಂಬಬೇಡಿ. 12 ವೋಲ್ಟಿನ ಎದುರು ಎಷ್ಟು ಆಂಪಿಯರ್ ಎಂದು ನೋಡಿ, 12ರಿಂದ ಗುಣಿಸಿ. 14 ಆಂಪಿಯರ್ ಎಂದಿದ್ದರೆ ಸಿಗುವುದು 168 ವ್ಯಾಟ್ ಮಾತ್ರ. ಹೊರಗೆ 450 ಎಂದು ಬರೆದಿದ್ದರೂ ಅಷ್ಟೇ. 30 ಆಂಪಿಯರಿಗಿಂತ ಹೆಚ್ಚಿದ್ದರೆ ಅದು ನಿಜವಾದ 400ರ ಆಸುಪಾಸಿನ ಡಬ್ಬಿ.

* ಗ್ರಾಫಿಕ್ ಕಾರ್ಡ್ ಇಲ್ಲದ ಮನೆ ಕಂಪ್ಯೂಟರಿಗೆ ನಿಜವಾದ 400-450 ವ್ಯಾಟ್ ಧಾರಾಳ. ಅದಕ್ಕಿಂತ ದೊಡ್ಡದಕ್ಕೆ ದುಡ್ಡು ಹಾಕಬೇಕಿಲ್ಲ.

* ಇನ್‌ಪುಟ್ ಎಂಬಲ್ಲಿ 100-240 ವೋಲ್ಟ್ ಎಂದಿದ್ದರೆ ನಮ್ಮ ಬೇಸಿಗೆಯ ಲೋ ವೋಲ್ಟೇಜಿಗೆ ಒಳ್ಳೆಯದು.

* ಬಿಐಎಸ್ ಗುರುತು, 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. '80 ಪ್ಲಸ್' ಎಂಬ ಗುರುತಿದ್ದರೆ ಬಿಸಿಯಾಗಿ ಪೋಲಾಗುವ ಕರೆಂಟು ಕಡಿಮೆ.

* ಕೈಯಲ್ಲಿ ಎತ್ತಿ ನೋಡಿ. ಒಳ್ಳೆಯ ಡಬ್ಬಿಗೆ ತೂಕ ಇರುತ್ತದೆ.

* ಬ್ರಾಂಡೆಡ್ ಸಪೂರ ಕ್ಯಾಬಿನೆಟ್ಟುಗಳಲ್ಲಿ ಹಲವಕ್ಕೆ ಅವರದ್ದೇ ಅಳತೆಯ ಡಬ್ಬಿ ಬೇಕು. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ.

* ಬಿಲ್ಲು ಕೇಳಿ ಪಡೆಯಿರಿ, ಅದರಲ್ಲಿ ಡಬ್ಬಿಯ ನಂಬರ್ ಬರೆಸಿ. ವಾರಂಟಿಗೆ ಅದೇ ಆಧಾರ.

ಒಳ್ಳೆಯ ಹೆಸರಿನ ಡಬ್ಬಿಗೆ ಸುಮಾರು ಎರಡು ಮೂರು ಸಾವಿರ ರೂಪಾಯಿ ಬೇಕಾದೀತು. ಅದರ ಅರ್ಧ ಬೆಲೆಗೂ ಕಡಿಮೆಗೆ ಹೆಸರಿಲ್ಲದ್ದು ಸಿಗುತ್ತದೆ. ಉಳಿಸಿದ ಆ ಸಾವಿರ ರೂಪಾಯಿಗಾಗಿ ಹತ್ತಾರು ಸಾವಿರದ ಬೋರ್ಡು, ಬೆಲೆಯೇ ಕಟ್ಟಲಾಗದ ಫೋಟೋಗಳನ್ನು ಪಣಕ್ಕಿಡುವುದು ಜಾಣತನವಲ್ಲ.

'ಕಂಪ್ಯೂಟರೇ ಹಳತು, ಅದಕ್ಕೆ ಹೊಸ ಡಬ್ಬಿ ಯಾಕೆ?' ಎಂದು ಮನೆಯಲ್ಲಿ ಕೇಳುತ್ತಾರಾ? ನ್ಯಾಯವಾದ ಪ್ರಶ್ನೆಯೇ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಯಂತ್ರಗಳಲ್ಲಿ ಹಲವಕ್ಕೆ ವಿಂಡೋಸ್ 11 ಹಿಡಿಸುವುದಿಲ್ಲ. ಆದರೂ ಒಂದು ಸಮಾಧಾನ ಉಂಟು. ಜೋಡಿಸಿದ ಕಂಪ್ಯೂಟರುಗಳ 'ಎಟಿಎಕ್ಸ್' ಅಳತೆ 1995ರಿಂದ ನಡೆದುಕೊಂಡು ಬಂದಿದೆ. ಈಗ ಕೊಂಡ ಒಳ್ಳೆಯ ಡಬ್ಬಿಯನ್ನು ನಾಳೆ ಜೋಡಿಸುವ ಹೊಸ ಕಂಪ್ಯೂಟರಿಗೂ ಹಾಕಿಸಬಹುದು, ದುಡ್ಡು ದಂಡವಲ್ಲ. ಬ್ರಾಂಡೆಡ್ ಯಂತ್ರಕ್ಕೆ ಹತ್ತು ವರ್ಷ ದಾಟಿದ್ದರೆ, ಅವರದ್ದೇ ಅಳತೆಯ ಡಬ್ಬಿ ದುಬಾರಿಯಾಗಿದ್ದರೆ ಮಾತ್ರ ಹೊಸ ಕಂಪ್ಯೂಟರಿನ ಯೋಚನೆ ಮಾಡಿ.

ಸಿಡಿಲಿಗೆ ಮೊದಲು ವಯರು ಕೀಳಿ

ಎಷ್ಟೇ ಒಳ್ಳೆಯ ಡಬ್ಬಿಯಾದರೂ ಸಿಡಿಲಿಗೆ ಎದುರು ನಿಲ್ಲದು. ಸ್ವಿಚ್ ಆಫ್ ಮಾಡಿದರೆ ಸಾಲದು. ಸ್ವಿಚ್ಚಿನೊಳಗಿನ ಅಂತರ ಕೆಲವೇ ಮಿಲಿಮೀಟರ್, ಸಿಡಿಲಿಗೆ ಅದನ್ನು ಹಾರುವುದು ಕಷ್ಟವಲ್ಲ. ಗುಡುಗು ದೂರ ಇರುವಾಗಲೇ ಪ್ಲಗ್ಗನ್ನು ಕಿತ್ತು ಬದಿಗಿಡಿ. ಮೋಡೆಮ್ಮಿನಿಂದ ಕಂಪ್ಯೂಟರಿಗೆ ಬರುವ ತಂತಿಯನ್ನೂ ಕೀಳಿ. ತಾಮ್ರದ ಟೆಲಿಫೋನ್ ಲೈನ್ ಇರುವ ಮನೆಯಲ್ಲಿ ಸಿಡಿಲು ಆ ದಾರಿಯಲ್ಲೂ ಬರುತ್ತದೆ. ತಲೆಯ ಮೇಲೆಯೇ ಗುಡುಗು ಬಂದ ಮೇಲೆ ಮಾತ್ರ ವಯರು ಮುಟ್ಟಲು ಓಡಬೇಡಿ, ಹೋದರೆ ಡಬ್ಬಿ ಹೋಗಲಿ. ಸಿಡಿಲಿನ ಮುನ್ಸೂಚನೆ ಕೊಡುವ 'ದಾಮಿನಿ' ಎಂಬ ಮೊಬೈಲ್ ಆಪನ್ನು ಕೇಂದ್ರ ಸರ್ಕಾರದ ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಮಾಡಿದೆ. ಒಂಟಿ ಮನೆಗಳಿಗೆ ಅದು ಉಪಕಾರಿ.

ಮಳೆಗಾಲದಲ್ಲಿ ಕೆಲಸ ಇಲ್ಲದಿದ್ದರೂ ಗುಡುಗಿಲ್ಲದ ಹೊತ್ತು ನೋಡಿ ದಿನಕ್ಕೆ ಅರ್ಧ ಗಂಟೆ ಕಂಪ್ಯೂಟರ್ ಓಡಿಸಿ, ಒಳಗಿನ ತೇವ ಆರುತ್ತದೆ. ಕ್ಯಾಬಿನೆಟ್ಟನ್ನು ನೆಲದ ಮೇಲೆ ಇಡದೆ ಮಣೆಯ ಮೇಲಿಡಿ, ಗೋಡೆಗೆ ಒತ್ತಿಸದೆ ಒಂದು ಗೇಣು ಬಿಡಿ. ಕಸೂತಿ ಹಾಕಿದ ಚೆಂದದ ಹೊದಿಕೆ ಮುಚ್ಚುವುದಾದರೆ ಆಫ್ ಮಾಡಿ, ತಣಿದ ಮೇಲೆ ಮುಚ್ಚಿ. ಹಾಳಾದ ಡಬ್ಬಿಯನ್ನು ತೋಟದ ಬದಿಗೆ ಎಸೆಯಬೇಡಿ, ಸುಡಬೇಡಿ. ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿಗೇ ಕೊಡಿ.

ನನ್ನ ಹೊಸ ಡಬ್ಬಿಯ ಬದಿಯಲ್ಲಿ ಈಗ ಒಂದು ಸಣ್ಣ ಚೀಟಿ ಅಂಟಿಸಿದ್ದೇನೆ. ಅದರಲ್ಲಿ ಕೊಂಡ ತಿಂಗಳು, ವರ್ಷ ಬರೆದಿದೆ. ಪ್ರತಿ ತಿಂಗಳ ಮೊದಲ ಭಾನುವಾರ ಫೋಟೋಗಳ ನಕಲು ತೆಗೆದು, ಆ ಹಾರ್ಡ್ ಡಿಸ್ಕನ್ನು ಕಪಾಟಿನಲ್ಲಿ ಸೀರೆಗಳ ನಡುವೆ ಇಡುತ್ತೇನೆ. ಅತ್ತೆಯದ್ದು ಈಗ ನಮ್ಮಲ್ಲಿ ಉಳಿದಿರುವುದು ಕಾಗದದ ಮೇಲೆ ಮುದ್ರಿಸಿಕೊಂಡ ಎರಡೇ ಎರಡು ಫೋಟೋ. ನಿಮ್ಮ ಮನೆಯಲ್ಲಿ ಹಾಗಾಗುವುದು ಬೇಡ. ಇವತ್ತು ಸಂಜೆ ಗುಂಡಿ ಒತ್ತುವಾಗ ಕಂಪ್ಯೂಟರ್ ಎಷ್ಟನೇ ಸಲಕ್ಕೆ ಏಳುತ್ತದೆ ಎಂದು ಸ್ವಲ್ಪ ಗಮನವಿಟ್ಟು ನೋಡಿ, ಆಯ್ತಾ?